ಕುಂದವಾಡ ಕೆರೆ ನಡಿಗೆ: ಹೊಸ ಸಮಯ, ಮತ್ತೆ ಬೆವರಿನ ಬಗ್ಗೆ ನಾಲ್ಕು ಮಾತು

ಎಲ್ಲರಿಗೂ ನಮಸ್ಕಾರ.

ದಾವಣಗೆರೆ ಬಿಸಿಲು ನಿಮಗೇ ಗೊತ್ತಲ್ವಾ. ಈ ಭಾನುವಾರದಿಂದ ಮಳೆ ಶುರುವಾಗುವವರೆಗೆ ನಮ್ಮ ನಡಿಗೆ ಬೆಳಿಗ್ಗೆ 6ರ ಬದಲು 5.30ಕ್ಕೆ. ಏಳರೊಳಗೆ ಮುಗಿಸೋಣ.

ಬೆವರು ಬಂದರೆ ಹೆದರಬೇಡಿ. ಅದು ಚರ್ಮದ ಮೇಲೆ ಆರುವಾಗಲೇ ಮೈ ತಂಪಾಗುವುದು. ಹಾಗಾಗಿ ತೆಳುವಾದ ಹತ್ತಿ ಬಟ್ಟೆ ಹಾಕಿಕೊಳ್ಳಿ. ತೂಕ ಇಳಿಯುತ್ತೆ ಅಂತ ದಪ್ಪ ಜಾಕೆಟ್ ಹಾಕಿ ನಡೆಯುವುದು ಬೇಡ. ಇಳಿಯುವುದು ನೀರು, ಕೊಬ್ಬಲ್ಲ. ಅಂಗಿ ಮೇಲೆ ಬಿಳಿ ಗೆರೆ ಕಂಡರೆ ಅದು ಬೆವರಿನ ಉಪ್ಪು. ಮನೆಗೆ ಹೋಗಿ ಮಜ್ಜಿಗೆ ಕುಡಿಯಿರಿ. ಬಿಪಿ ಇರುವವರು ಉಪ್ಪಿನ ವಿಷಯ ಡಾಕ್ಟರನ್ನೇ ಕೇಳಿ.

ಆದರೆ ಕೆಲವು ಬೆವರನ್ನು ಸುಮ್ನೆ ಬಿಡಬಾರದು. ಎದೆ ಹಿಡಿದಂತಾಗಿ, ಉಸಿರು ಕಟ್ಟಿ ತಣ್ಣನೆ ಬೆವರು ಬಂದರೆ ಹೃದಯಾಘಾತ ಇರಬಹುದು. ಗ್ಯಾಸ್ ಅಂತ ಕಾಯಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರಿಗೆ ಕೈ ನಡುಗಿ ಬೆವರಿದರೆ ಸಕ್ಕರೆ ಅಂಶ ಕುಸಿದಿರಬಹುದು. ಎಚ್ಚರ ಇದ್ದರೆ ಕೂಡಲೇ ಗ್ಲೂಕೋಸ್ ಕೊಡಿ. ಬಿಸಿಲಲ್ಲಿ ಮೈ ಸುಡುತ್ತಾ ಮಾತು ತೊದಲಿದರೆ, ಬೆವರು ಇರಲಿ ಬಿಡಲಿ, ನೆರಳಿಗೆ ಕರೆದೊಯ್ದು ಮೈಗೆ ನೀರು ಹಾಕಿ, 108 ಕರೆಯಿರಿ. ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಜೊತೆಗೆ ಎರಡು ವಾರದ ಕೆಮ್ಮು ಇದ್ದರೆ ಕ್ಷಯದ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ನೀರಿನ ಬಾಟಲಿ ಎಲ್ಲರೂ ತನ್ನಿ. ಶುಗರ್ ಇರುವವರು ಗ್ಲೂಕೋಸ್ ಪೊಟ್ಟಣ ಜೇಬಲ್ಲಿ ಇಟ್ಟುಕೊಳ್ಳಿ, ಜೊತೆಯವರಿಗೂ ತಿಳಿಸಿ. ಹಿರಿಯರು ದಯವಿಟ್ಟು ಒಬ್ಬರೇ ನಡೆಯಬೇಡಿ.

ಭಾನುವಾರ ಬರುವವರು ಶುಕ್ರವಾರ ಸಂಜೆಯೊಳಗೆ ‘ಬರ್ತೀನಿ’ ಅಂತ ಇಲ್ಲೇ ಹಾಕಿ. ಹೃದಯದ ತೊಂದರೆ ಇದ್ದವರು ನನಗೆ ಬೇರೆಯಾಗಿ ಮೆಸೇಜ್ ಮಾಡಿ.