ಮಾದರಿ ರಾಕೆಟ್‌ಗಳ ಹೊಗೆ ಮತ್ತು ಮೈದಾನದ ಸುರಕ್ಷತೆ

ಮಾನ್ಯ ಸಂಪಾದಕರೇ,

ಮಾದರಿ ರಾಕೆಟ್ ಹಾರಿಸುವ ಹವ್ಯಾಸದ ಕುರಿತು ಚರ್ಚೆ ನಡೆದಾಗಲೆಲ್ಲ ಮಾತು ಹೊಗೆಯ ಬಳಿ ಬಂದು ನಿಲ್ಲುತ್ತದೆ. ಪೋಷಕರು ಅದನ್ನು ವಿಷವೆಂದು ಹೆದರುತ್ತಾರೆ. ಕ್ಷಣದಲ್ಲಿ ಚದುರಿಹೋಗುವ ಹೊಗೆಗೆ ಇಷ್ಟೇಕೆ ಗಾಬರಿ ಎಂದು ಹವ್ಯಾಸಿಗಳಲ್ಲಿ ಹಲವರು ತಳ್ಳಿಹಾಕುತ್ತಾರೆ. ನನ್ನ ಕಳಕಳಿ ಬೇರೆಯದು. ಗಾಳಿ ಎತ್ತ ಬೀಸುತ್ತಿದೆ, ಮೋಟಾರು, ಅಂದರೆ ರಾಕೆಟನ್ನು ತಳ್ಳುವ ಮದ್ದಿನ ಕೊಳವೆ, ಸರಿಯಾಗಿ ಉರಿಯಿತೇ, ನೆಲದಲ್ಲಿ ಏನಾದರೂ ಹೊತ್ತಿಕೊಂಡಿದೆಯೇ ಎಂಬುದನ್ನೆಲ್ಲ ಆ ಹೊಗೆಯೇ ತಿಳಿಸುತ್ತಿದ್ದರೂ ಅದನ್ನು ಗಮನವಿಟ್ಟು ನೋಡುವ ಹೊಣೆಯನ್ನು ಎಷ್ಟೋ ಮೈದಾನಗಳಲ್ಲಿ ಯಾರಿಗೂ ವಹಿಸಿರುವುದಿಲ್ಲ.

ಸಣ್ಣ ಮಾದರಿಗಳ ಮೋಟಾರಿನಲ್ಲಿರುವುದು ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಕರಿಮದ್ದು. ಅದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಪೊಟ್ಯಾಸಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಸಲ್ಫೇಟ್ ಮುಂತಾದ ಲವಣಗಳ ಸೂಕ್ಷ್ಮ ಕಣಗಳಾಗಿ ಹೊರಬೀಳುವುದರಿಂದಲೇ ಹೊಗೆ ಅಷ್ಟು ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ದೊಡ್ಡ ರಾಕೆಟ್‌ಗಳಲ್ಲಿ ಬಳಸುವ ಅಮೋನಿಯಂ ಪರ್‌ಕ್ಲೋರೇಟ್ ಆಧಾರಿತ ಇಂಧನದ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ಗಾಳಿಯ ತೇವದೊಡನೆ ಸೇರಿದರೆ ಅದು ಆಮ್ಲದ ಹನಿಗಳಾಗಿ ಕಣ್ಣು, ಗಂಟಲುಗಳನ್ನು ಉರಿಸುತ್ತದೆ. ಬಯಲಿನಲ್ಲಿ ಒಂದು ಸಣ್ಣ ರಾಕೆಟ್ ಬಿಡುವ ಹೊಗೆ ಅತ್ಯಲ್ಪ ಎಂಬುದು ನಿಜ. ಆದರೆ ಗಾಳಿಯಾಡದ ಮುಂಜಾವಿನಲ್ಲಿ, ನಾಲ್ಕೂ ಕಡೆ ಕಟ್ಟಡಗಳಿರುವ ಅಂಗಳದಲ್ಲಿ, ಒಂದರ ಹಿಂದೊಂದರಂತೆ ರಾಕೆಟ್ ಹಾರಿಸುತ್ತ ಹೋದರೆ ಹೊಗೆ ಅಲ್ಲೇ ಮಡುಗಟ್ಟುತ್ತದೆ. ಉಬ್ಬಸವಿರುವ ಮಗುವೊಂದು ಆ ಗುಂಪಿನಲ್ಲಿದ್ದರೆ ಅದು ಅಲ್ಪವೆಂದು ಹೇಳಲು ನಮಗೆ ಹಕ್ಕಿಲ್ಲ.

ಹಾಗಾದರೆ ನೋಡುಗರನ್ನು ಎಲ್ಲಿ ನಿಲ್ಲಿಸಬೇಕು? ಹೊಗೆಯಿಂದ ತಪ್ಪಿಸಲು ಗಾಳಿ ಬರುವ ದಿಕ್ಕಿನಲ್ಲಿ ನಿಲ್ಲಿಸಿದರೆ ಸಾಕೆಂದು ತೋರುತ್ತದೆ. ಆದರೆ ರೆಕ್ಕೆಗಳಿರುವ ರಾಕೆಟ್, ಹೊರಡುವಾಗ ದಾರಿ ತೋರುವ ಉಡಾವಣಾ ಸರಳನ್ನು ನಿಧಾನವಾಗಿ ಬಿಟ್ಟು ಹೊರಟರೆ ಅದು ಗಾಳಿಗೆ ಎದುರಾಗಿ, ಅಂದರೆ ಅದೇ ಗುಂಪಿನ ಕಡೆಗೆ, ಮೂತಿ ತಿರುಗಿಸುತ್ತದೆ. ಇಳಿಯುವಾಗ ಪ್ಯಾರಾಚೂಟ್ ಅದನ್ನು ಗಾಳಿಯೊಡನೆ ಆಚೆಗೆ ಒಯ್ಯುತ್ತದೆ. ಆದ್ದರಿಂದ ಜನರನ್ನು ಗಾಳಿಯ ಹಾದಿಗೆ ಅಡ್ಡವಾಗಿ ಒಂದು ಪಕ್ಕದಲ್ಲಿ ನಿಲ್ಲಿಸಿ, ಸರಳನ್ನು ಅವರಿಂದ ತುಸು ಆಚೆಗೆ ವಾಲಿಸುವುದೇ ಸರಿ. ಗಾಳಿ ದಿಕ್ಕು ಬದಲಿಸಿದರೆ ಸಾಲನ್ನೂ ಬದಲಿಸಬೇಕು. ಇದು ಗೊಂದಲದ ಕೆಲಸವೆಂದು ಹಲವರು ಕೈಬಿಡುತ್ತಾರೆ; ಹಿಂದಿನ ರಾಕೆಟ್‌ನ ಹೊಗೆ ಎತ್ತ ಸಾಗಿತೆಂದು ನೋಡಿದವರಿಗೆ ಇದರಲ್ಲಿ ಕಷ್ಟವೇನೂ ಇಲ್ಲ.

ನನ್ನನ್ನು ಹೆಚ್ಚು ಕಳವಳಗೊಳಿಸುವುದು ಉಡಾವಣೆಯ ಮರುಕ್ಷಣ. ರಾಕೆಟ್ ಮೇಲೇರಿದೊಡನೆ ಎಲ್ಲರ ಕಣ್ಣೂ ಆಕಾಶಕ್ಕೆ ನೆಡುತ್ತದೆ, ಮಕ್ಕಳು ಓಡತೊಡಗುತ್ತಾರೆ. ಉಡಾವಣಾ ಪೀಠವಾದರೋ ಇನ್ನೂ ಹೊಗೆಯೊಳಗೆ ಅಡಗಿರುತ್ತದೆ. ಜ್ವಾಲೆಯನ್ನು ತಡೆಯುವ ತಗಡು ಆಗ ಕೈ ಸುಡುವಷ್ಟು ಬಿಸಿಯಾಗಿರುತ್ತದೆ ಮತ್ತು ಸುತ್ತಲಿನ ಒಣಹುಲ್ಲಿನಲ್ಲಿ ಕಿಡಿ ಸಿಕ್ಕಿಕೊಂಡಿದ್ದರೆ ಮೊದಲ ಕೆಲವು ಕ್ಷಣ ಅದು ಬೇರೆಯಾಗಿ ಕಾಣುವುದೇ ಇಲ್ಲ. ಉಡಾವಣೆಯ ಹೊಗೆ ಗಾಳಿಯೊಡನೆ ಸರಿದುಹೋಗುತ್ತದೆ. ನೆಲದ ಒಂದೇ ಜಾಗದಿಂದ ತೆಳ್ಳಗೆ ಏಳುತ್ತಲೇ ಇರುವ ಹೊಗೆ ಬೆಂಕಿಯದು. ಈ ವ್ಯತ್ಯಾಸವನ್ನು ಗುರುತಿಸಲು, ಆಕಾಶ ನೋಡದೆ ಪೀಠವನ್ನೇ ನೋಡುವ ಒಬ್ಬ ವ್ಯಕ್ತಿ, ಪಕ್ಕದಲ್ಲಿ ನೀರಿನ ಬಕೆಟ್ಟು ಇಟ್ಟುಕೊಂಡು, ಪ್ರತಿ ಉಡಾವಣೆಯಲ್ಲೂ ಇರಲೇಬೇಕು. ಆತ ಅನುಮತಿ ಕೊಡುವವರೆಗೆ ಯಾರೂ ಹೆಜ್ಜೆ ಎತ್ತಬಾರದು.

ಅಮೆರಿಕದ ಮಾದರಿ ರಾಕೆಟ್ ಹವ್ಯಾಸಿಗಳ ಸಂಘವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಸುರಕ್ಷತಾ ಸಂಹಿತೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮೋಟಾರುಗಳನ್ನು ಬಲ ಏರಿದಂತೆ ಎ, ಬಿ, ಸಿ ಎಂದು ಅಕ್ಷರಗಳಿಂದ ವಿಂಗಡಿಸುತ್ತಾರೆ; ‘ಡಿ’ ದರ್ಜೆಯವರೆಗಿನವಕ್ಕೆ ಕನಿಷ್ಠ 15 ಅಡಿ, ಅದಕ್ಕೂ ದೊಡ್ಡವಕ್ಕೆ 30 ಅಡಿ ದೂರದಲ್ಲಿ ನಿಲ್ಲಬೇಕು. ವಿದ್ಯುತ್ ಗುಂಡಿಯಿಂದಲೇ ಹೊತ್ತಿಸಬೇಕು. ಗುಂಡಿ ಒತ್ತಿದರೂ ರಾಕೆಟ್ ಹೊರಡದಿದ್ದರೆ ಹೊತ್ತಿಸುವ ವಿದ್ಯುತ್ತನ್ನು ತಡೆಯಲು ಸುರಕ್ಷಾ ಕೀಲಿಯನ್ನು ತೆಗೆದು 60 ಸೆಕೆಂಡು ಕಾಯಬೇಕು. ಗಾಳಿ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರ್ ಮೀರಿದರೆ ಹಾರಿಸಲೇಬಾರದು. ‘ಸಿ’ ದರ್ಜೆಯ ಮೋಟಾರಿಗೆ ಮೈದಾನದ ಅತಿ ಕಿರಿದಾದ ಬದಿಯೂ 400 ಅಡಿ ಇರಬೇಕೆನ್ನುತ್ತದೆ ಆ ಸಂಹಿತೆ. ಪ್ರತಿ ಅಕ್ಷರಕ್ಕೂ ಮೋಟಾರಿನ ಒಟ್ಟು ಬಲ ಇಮ್ಮಡಿಯಾಗುತ್ತ ಹೋಗುತ್ತದೆ ಎಂಬುದನ್ನು ನೆನೆದರೆ ಈ ಅಳತೆಗಳು ಅತಿಯೆನಿಸುವುದಿಲ್ಲ.

ಮೇಲೆ ಹೋದ ರಾಕೆಟ್‌ನ ಹೊಗೆಗೂ ಅರ್ಥವಿದೆ. ಇಂಧನ ಮುಗಿದ ಮೇಲೆ ಕೆಲವು ಸೆಕೆಂಡು ಉರಿಯುವ ನಿಧಾನ ಮದ್ದು ತಳ್ಳುವ ಕೆಲಸ ಮಾಡದಿದ್ದರೂ ತೆಳುವಾದ ಗೆರೆಯೆಳೆಯುತ್ತದೆ. ಅದು ಮುಗಿದಾಗ ಸಣ್ಣ ಸ್ಫೋಟವೊಂದು ಮೂತಿಯನ್ನು ಕಳಚಿ ಪ್ಯಾರಾಚೂಟನ್ನು ಹೊರದಬ್ಬುತ್ತದೆ. ಗೆರೆ ನಿಂತ ಮೇಲೂ ಆ ಸ್ಫೋಟದ ಬಿಳಿ ಹೊಗೆಯ ಉಂಡೆ ಕಾಣಿಸದಿದ್ದರೆ ರಾಕೆಟ್ ನೆಟ್ಟಗೆ ನೆಲಕ್ಕೆ ಬರುತ್ತಿದೆಯೆಂದೇ ಭಾವಿಸಿ, ತಲೆಯೆತ್ತಿ ನೋಡಿರೆಂದು ಕೂಗಿ ಎಚ್ಚರಿಸಬೇಕು. ಪ್ಯಾರಾಚೂಟ್ ಸುಡದಂತೆ ಒಳಗಿಡುವ ಹೊದಿಕೆ ಬೆಂಕಿ ತಾಳುವಂಥದ್ದೇ ಆಗಿರಬೇಕು. ಅದರ ಬದಲು ಮಾಮೂಲಿ ಕಾಗದ ಅಥವಾ ಹತ್ತಿ ತುಂಬಿದರೆ ಅದು ಹೊತ್ತಿಕೊಂಡೇ ಹೊರಬಿದ್ದು, ಪೀಠದಿಂದ ಬಹುದೂರದಲ್ಲಿ, ಯಾರೂ ನೋಡದಿರುವ ಹುಲ್ಲಿನಲ್ಲಿ ಇಳಿಯುತ್ತದೆ.

ಟೈಟಾನಿಯಂ ಚೂರು ಸೇರಿಸಿ ಕಿಡಿಗಳ ಮಳೆ ಸುರಿಸುವಂತೆ ಮಾಡಿದ ಮೋಟಾರುಗಳನ್ನು ಪ್ರದರ್ಶನಕ್ಕೆಂದು ಬಳಸುವವರಿದ್ದಾರೆ. ಒಣಹುಲ್ಲಿನ ಮೈದಾನದಲ್ಲಿ ಇವುಗಳಿಗೆ ಜಾಗವೇ ಇರಬಾರದೆಂದು ನಾನು ನೇರವಾಗಿ ಹೇಳುತ್ತೇನೆ.

ಇಂಥ ಕಟ್ಟುಪಾಡುಗಳಿಂದ ಮಕ್ಕಳ ಉತ್ಸಾಹ ಬತ್ತುತ್ತದೆ ಎನ್ನುವವರು ಈ ಹವ್ಯಾಸ ಹುಟ್ಟಿದ ಬಗೆಯನ್ನು ನೋಡಬೇಕು. 1957ರಲ್ಲಿ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿದ ಕಾಲಕ್ಕೆ ಅಮೆರಿಕದ ಹುಡುಗರು ಮನೆಯಲ್ಲೇ ಮದ್ದು ಬೆರೆಸಿ, ಲೋಹದ ಕೊಳವೆಗಳಲ್ಲಿ ತುಂಬಿ ಕೈಬೆರಳು, ಕಣ್ಣು, ಕೆಲವೊಮ್ಮೆ ಪ್ರಾಣವನ್ನೇ ಕಳೆದುಕೊಳ್ಳುತ್ತಿದ್ದರು. ಅಮೆರಿಕದ ವೈಟ್ ಸ್ಯಾಂಡ್ಸ್ ಕ್ಷಿಪಣಿ ಪರೀಕ್ಷಾ ಕ್ಷೇತ್ರದಲ್ಲಿ ಸುರಕ್ಷತೆಯ ಕೆಲಸ ಬಲ್ಲ ಜಿ. ಹ್ಯಾರಿ ಸ್ಟೈನ್ ಇದರ ಬಗ್ಗೆ ಬರೆದರು. ನೆಬ್ರಾಸ್ಕಾದ ನಾರ್ಫೋಕ್ ಪಟ್ಟಣದಲ್ಲಿ ಪಾದರಕ್ಷೆಯ ಅಂಗಡಿ ನಡೆಸುತ್ತಿದ್ದ ಆರ್ವಿಲ್ ಕಾರ್ಲೈಲ್ ಎಂಬವರು ಆ ಬರಹ ಓದಿ, ತಾವು 1954ರಲ್ಲೇ ಸಹೋದರ ರಾಬರ್ಟ್‌ರೊಡನೆ ರೂಪಿಸಿದ್ದ ಹಗುರ ಮಾದರಿಯನ್ನು ಅವರಿಗೆ ಕಳಿಸಿದರು. ತಯಾರಾಗಿಯೇ ಬರುವ ಮೋಟಾರು, ಕಾಗದ ಮತ್ತು ಹಗುರ ಮರದ ದೇಹ, ದೂರದಿಂದ ಹೊತ್ತಿಸುವ ಕ್ರಮ ಇವೆಲ್ಲ ನೆಲೆಗೊಂಡದ್ದು ಹೀಗೆ. ಹುಡುಗರ ಉತ್ಸಾಹವನ್ನು ಉಳಿಸಿಕೊಂಡೇ ಅವರನ್ನು ಬದುಕಿಸಲು ಈ ನಿಯಮಗಳು ಬಂದವು.

ಪತ್ರಿಕೆಗಳಲ್ಲಿ ನನ್ನದೊಂದು ವಿನಂತಿ. ಉಡಾವಣೆಯ ಹೊಗೆಯ ನಡುವೆ ಮಕ್ಕಳು ಪೀಠವನ್ನು ಸುತ್ತುವರಿದಿರುವ ಚಿತ್ರಗಳನ್ನು ದಯವಿಟ್ಟು ಆಯ್ಕೆ ಮಾಡಬೇಡಿ. ಆ ಚಿತ್ರ ನೋಡಿದ ಮತ್ತೊಂದು ಶಾಲೆ ಹಾಗೆಯೇ ನಿಲ್ಲಲು ಬಯಸುತ್ತದೆ. ದೂರದಲ್ಲಿ ಸಾಲಾಗಿ ನಿಂತ ಮಕ್ಕಳ ಚಿತ್ರವನ್ನೇ ಹಾಕಿ, ಎಷ್ಟು ದೂರದಲ್ಲಿ ನಿಂತಿದ್ದರು, ಮೈದಾನದ ಹೊಣೆ ಯಾರದಾಗಿತ್ತು ಎಂಬುದನ್ನೂ ವರದಿಯಲ್ಲಿ ಸೇರಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಮಾದರಿ ರಾಕೆಟ್ ಹವ್ಯಾಸಿ