‘ದಿ ಸರ್ಚರ್ಸ್’: ತೆಗಳುವುದಕ್ಕೂ ಸರಿಯಾದ ಕಾರಣ ಬೇಕು

ಮಾನ್ಯ ಸಂಪಾದಕರೇ,

ಜಾನ್ ಫೋರ್ಡ್ ಅವರ ‘ದಿ ಸರ್ಚರ್ಸ್’ (1956) ಬಗ್ಗೆ ನಿಮ್ಮ ಓದುಗರ ವಿಭಾಗದಲ್ಲಿ ಬಂದ ಎರಡೂ ಪತ್ರಗಳನ್ನು ಓದಿದೆ. ಇಂಥ ಕೌಬಾಯ್ ಚಿತ್ರ ಇನ್ನೊಂದಿಲ್ಲ ಎಂದು ಒಬ್ಬರು ಬರೆದಿದ್ದಾರೆ. ಸುಮ್ನೆ ಹೊಗಳಿ ಅಟ್ಟಕ್ಕೇರಿಸಿದ್ದಾರೆ, ಕಥೆ ನಿಧಾನ, ಜಾನ್ ವೇಯ್ನ್ ನಟನೆ ಒರಟು ಎಂದು ಇನ್ನೊಬ್ಬರು. ನನ್ನ ಮತ ಎರಡನೆಯವರಿಗೇ. ಆದರೆ ಅವರು ಕೊಟ್ಟ ಕಾರಣಗಳು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ.

ಅಮೆರಿಕದ ಮೂಲನಿವಾಸಿಗಳಾದ ಕೊಮ್ಯಾಂಚಿಗಳು ಹೊತ್ತೊಯ್ದ ಸೋದರನ ಮಗಳಿಗಾಗಿ ಈಥನ್ (ವೇಯ್ನ್ ಮಾಡಿದ ಪಾತ್ರ) ವರ್ಷಗಟ್ಟಲೆ ಅಲೆಯುತ್ತಾನೆ. ಆ ಅಲೆದಾಟ ಬೇಗ ಮುಗಿದರೆ ಅದರ ದಣಿವು ನಮಗೆ ತಟ್ಟುವುದು ಹೇಗೆ? ಒರಟುತನವೂ ಅಷ್ಟೇ. ಹೂತಿಟ್ಟ ಕೊಮ್ಯಾಂಚಿಯೊಬ್ಬನ ಕಣ್ಣಿಗೆ ಈಥನ್ ಗುಂಡು ಹೊಡೆಯುತ್ತಾನೆ. ಕಣ್ಣಿಲ್ಲದವನು ಪರಲೋಕ ಸೇರಲಾರ ಎಂಬುದು ಅವರ ನಂಬಿಕೆ ಅಂತ ತಾನೇ ಹೇಳುತ್ತಾನೆ. ಹುಡುಗಿ ಅವರ ನಡುವೆ ಬೆಳೆದಳೆಂದು ಕೊನೆಗೆ ಅವಳನ್ನೇ ಕೊಲ್ಲಲು ಹೊರಡುತ್ತಾನೆ. ಇಂಥವನು ನಯವಾಗಿ ಮಾತಾಡಬೇಕಿತ್ತೇ?

ನನಗೆ ಚುಚ್ಚುವುದು ಬೇರೆ. ಈಥನ್ ಜೊತೆ ಹುಡುಕಲು ಹೊರಟ ಮಾರ್ಟಿನ್, ಕಂಬಳಿ ಕೊಂಡೆ ಅಂದುಕೊಂಡು ಗೊತ್ತಿಲ್ಲದೆ ಒಬ್ಬ ಕೊಮ್ಯಾಂಚಿ ಹೆಣ್ಣನ್ನು ಹೆಂಡತಿಯಾಗಿ ಕೊಂಡುಬಿಡುತ್ತಾನೆ. ಅವಳಿಗೆ ‘ಲುಕ್’ ಅಂತ ಹೆಸರು ಬೀಳುತ್ತದೆ. ಪಕ್ಕದಲ್ಲಿ ಬಂದು ಮಲಗಿದಳೆಂದು ಮಾರ್ಟಿನ್ ಒದೆಯುತ್ತಾನೆ. ಅವಳು ಇಳಿಜಾರಿನಲ್ಲಿ ಉರುಳುತ್ತಾಳೆ. ಈಥನ್ ನಗುತ್ತಾನೆ. ನಾವೂ ನಗಬೇಕಂತೆ! ಮುಂದೆ ಸೈನಿಕರ ದಾಳಿಯಲ್ಲಿ ಅವಳು ಸತ್ತು ಬಿದ್ದಿದ್ದನ್ನು ತೋರಿಸಿ, ಈಗ ಮರುಗಿ ಅನ್ನುತ್ತದೆ ಚಿತ್ರ. ಈಥನ್‌ನ ದ್ವೇಷವನ್ನು ಚಿತ್ರ ಬಯಲು ಮಾಡುತ್ತದೆ ಅನ್ನುವ ಅಭಿಮಾನಿಗಳು ಇದನ್ನು ಒಂದು ಮಾತಿನಲ್ಲಿ ದಾಟಿಬಿಡುತ್ತಾರೆ. ಅಲ್ಲಿ ಒದ್ದವನು ಈಥನ್ ಅಲ್ಲ ಸ್ವಾಮಿ, ನಾವು ಮೆಚ್ಚಬೇಕಾದ ಒಳ್ಳೆಯ ಹುಡುಗ. ಅವನ ಮೈಯಲ್ಲೂ ಚೆರೋಕೀ ಎಂಬ ಇನ್ನೊಂದು ಮೂಲನಿವಾಸಿ ಬುಡಕಟ್ಟಿನ ರಕ್ತವಿದೆ.

ಟೆಕ್ಸಾಸ್‌ನ ಕಥೆಯನ್ನು ದೂರದ ಅರಿಜೋನಾ-ಯೂಟಾ ಗಡಿಯ ಮಾನ್ಯುಮೆಂಟ್ ವ್ಯಾಲಿಯಲ್ಲಿ ತೆಗೆದದ್ದಕ್ಕೆ ನನ್ನ ತಕರಾರಿಲ್ಲ, ಆ ಕೆಂಪು ಬಂಡೆಗಳು ಹಾಗಿವೆ. ಆದರೆ ಅಲ್ಲಿನ ನವಾಹೊ ಬುಡಕಟ್ಟಿನ ಜನರನ್ನು ಕೊಮ್ಯಾಂಚಿಗಳಾಗಿ ನಿಲ್ಲಿಸಿ, ಅವರ ನಾಯಕನ ಪಾತ್ರಕ್ಕೆ ಮಾತ್ರ ಜರ್ಮನಿಯಲ್ಲಿ ಹುಟ್ಟಿದ ಹೆನ್ರಿ ಬ್ರ್ಯಾಂಡನ್ ಬೇಕಾದರು.

ಕೊನೆಯ ಬಾಗಿಲ ದೃಶ್ಯದ ಬಗ್ಗೆ ಮೊದಲ ಪತ್ರದವರು ಬರೆದದ್ದು ನೂರಕ್ಕೆ ನೂರು ನಿಜ. ಹುಡುಗಿಯನ್ನು ಕೊಲ್ಲದೆ ಮನೆ ಸೇರಿಸಿದ ಮೇಲೆ ಎಲ್ಲರೂ ಒಳಗೆ ಹೋಗುತ್ತಾರೆ, ಈಥನ್ ಒಬ್ಬನೇ ಹೊಸ್ತಿಲಾಚೆ ತನ್ನ ತೋಳು ತಾನೇ ಹಿಡಿದು ನಿಲ್ಲುತ್ತಾನೆ. ನನಗೂ ಗಂಟಲು ಕಟ್ಟುತ್ತದೆ. ಆದರೆ ಒಂದು ಬಾಗಿಲಿಗಾಗಿ ಇಡೀ ಮನೆಗೆ ಬೆಲೆ ಕಟ್ಟಲಾಗುತ್ತದೆಯೇ? ಆಸ್ಕರ್‌ಗೆ ಒಂದು ನಾಮನಿರ್ದೇಶನವೂ ಸಿಗದ ಈ ಚಿತ್ರ ಬ್ರಿಟನ್ನಿನ ಸಿನಿಮಾ ಪತ್ರಿಕೆ ‘ಸೈಟ್ ಅಂಡ್ ಸೌಂಡ್’ ವಿಮರ್ಶಕರನ್ನು ಕೇಳಿ ಮಾಡಿದ 2012ರ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ 7ನೇ ಸ್ಥಾನದಲ್ಲಿತ್ತು. 2022ರಲ್ಲಿ 15ಕ್ಕೆ ಇಳಿಯಿತು. ಇನ್ನೂ ಇಳಿದರೆ ನನಗೇನೂ ಬೇಸರವಿಲ್ಲ.

ಮೊದಲ ಪತ್ರದವರಲ್ಲಿ ಒಂದು ಕೋರಿಕೆ. ಮುಂದಿನ ಸಲ ಲುಕ್ ಬರುವ ಭಾಗವನ್ನು ಓಡಿಸದೆ ನೋಡಿ, ಇನ್ನೊಂದು ಪತ್ರ ಬರೆಯಿರಿ. ಓದಲು ಕಾಯುತ್ತಿರುತ್ತೇನೆ.

ಇತಿ,
ನಿಮ್ಮ ಓದುಗ, ಮೈಸೂರು