ಜೋಧಪುರಕ್ಕೆ ಹೊರಟ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಬ್ಯಾಂಕಿನವರು ನಿನ್ನನ್ನು ಜೋಧಪುರಕ್ಕೆ ಹಾಕಿದ್ದಾರೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ನಿಮ್ಮಮ್ಮನಿಗೆ ಬಿಸಿಲಿನ ಚಿಂತೆ, ಊಟದ ಚಿಂತೆ. ಅವೆರಡೂ ಅವಳಿಗೇ ಇರಲಿ. ಹೋಗುವ ಮೊದಲು ನೀನು ಏನು ಓದಿಕೊಳ್ಳುತ್ತೀಯ ಅನ್ನುವುದಷ್ಟೇ ನನ್ನ ಚಿಂತೆ. ಕೋಟೆ, ಒಂಟೆ, ರಜಪೂತರ ಮೀಸೆ ಎಲ್ಲವನ್ನೂ ನಿನ್ನ ಫೋನು ಈಗಾಗಲೇ ತೋರಿಸಿರುತ್ತದೆ. ರಾಜರನ್ನು ಕೊನೆಗಿಟ್ಟುಕೋ, ಮಗಳೇ. ಮೊದಲು ನೀರಿನ ಕಥೆ ಓದು.

ಅನುಪಮ್ ಮಿಶ್ರ ಅವರ ‘ರಾಜಸ್ಥಾನ್ ಕೀ ರಜತ್ ಬೂಂದೇಂ’ 1995ರಲ್ಲಿ ಬಂದ ಹಿಂದಿ ಪುಸ್ತಕ. ನಿನ್ನ ಹಿಂದಿಗೆ ಕಷ್ಟವಾಗದು. ಜೈಸಲ್ಮೇರ್, ಬಾಡ್ಮೇರ್ ಕಡೆ ಎಷ್ಟೋ ಊರುಗಳಲ್ಲಿ ಆಳದ ನೀರು ಉಪ್ಪು. ಆದರೆ ಕೆಲವು ಕಡೆ ಮರಳಿನ ಕೆಳಗೆ ಜಿಪ್ಸಮ್ಮಿನ ಒಂದು ಪದರವಿದೆ. ಬಿದ್ದ ಅಷ್ಟಿಷ್ಟು ಮಳೆ ಇಳಿದು ಉಪ್ಪುನೀರಿಗೆ ಸೇರದಂತೆ ಅದು ತಡೆಯುತ್ತದೆ, ನೀರು ಮರಳಿನಲ್ಲೇ ತೇವವಾಗಿ ಉಳಿಯುತ್ತದೆ. ಆ ತೇವವನ್ನು ಹನಿಹನಿಯಾಗಿ ಇಳಿಸಿಕೊಳ್ಳಲು ತೋಡುವ ಕಿರಿದಾದ ಬಾವಿಯೇ ಕುಂಯಿ. ಒಬ್ಬ ಕುಕ್ಕರಗಾಲಲ್ಲಿ ಕೂತು ಅಗೆಯುವಷ್ಟೇ ಜಾಗ. ತಳದ ಸೆಕೆ ತಡೆಯಲಾಗದು. ಅದಕ್ಕೆ ಮೇಲೆ ನಿಂತವರು ಹಿಡಿಹಿಡಿ ಮರಳನ್ನು ಜೋರಾಗಿ ಒಳಗೆ ಎಸೆಯುತ್ತಾರೆ, ಅದರ ಜತೆ ತಂಪು ಗಾಳಿ ಇಳಿದು ಬಿಸಿಗಾಳಿ ಮೇಲೇರಲಿ ಅಂತ. ಆ ಮರಳು ತಲೆಗೆ ಬಡಿಯದಂತೆ ಅಗೆಯುವವನು ಲೋಹದ ಪಾತ್ರೆಯೊಂದನ್ನು ಬೋರಲು ಹಾಕಿಕೊಂಡಿರುತ್ತಾನೆ! ಗೋಡೆ ಕುಸಿಯದಿರಲು ಖೀಂಪ್ ಎಂಬ ಹುಲ್ಲಿನ ಹಗ್ಗವನ್ನು ಸುತ್ತುಸುತ್ತಾಗಿ ಕೂರಿಸುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೆ ದಿನಕ್ಕೆ ಸಿಗುವುದು ಎರಡು ಮೂರು ಕೊಡ ನೀರು. ಇದನ್ನು ಓದಿ ಜೋಧಪುರದ ಮೆಹ್ರಾನ್‌ಗಢ ಕೋಟೆ ಹತ್ತಿದರೆ, ಇಷ್ಟು ಎತ್ತರದಲ್ಲಿ ಅಷ್ಟೊಂದು ಜನಕ್ಕೆ ನೀರು ಎಲ್ಲಿಂದ ಬರುತ್ತಿತ್ತು ಅಂತ ಗೈಡನ್ನು ನೀನೇ ಕೇಳುತ್ತೀಯ. ಬೇರೆಯವರು ಕೇಳುವುದು ರಾಣಿವಾಸ ಎಲ್ಲಿ ಅಂತ.

ಆಮೇಲೆ ವಿಜಯದಾನ್ ದೇಥಾ. ಜೋಧಪುರ ಜಿಲ್ಲೆಯ ಬೋರುಂದಾ ಅನ್ನುವ ಹಳ್ಳಿಯಲ್ಲೇ ಬಾಳಿ, 2013ರಲ್ಲಿ ಅಲ್ಲೇ ತೀರಿಕೊಂಡವರು. ಊರಿನವರ ಬಾಯಲ್ಲಿದ್ದ ಕಥೆಗಳನ್ನು ಕೇಳಿ, ತಮ್ಮದೇ ರೀತಿಯಲ್ಲಿ ರಾಜಸ್ಥಾನಿಯಲ್ಲಿ ಮತ್ತೆ ಬರೆದರು. ‘ಬಾತಾಂ ರೀ ಫುಲವಾಡಿ’ಯ ಹದಿನಾಲ್ಕು ಸಂಪುಟಗಳು ಹಾಗೆ ಬಂದವು. ಹಿಂದಿ ಅನುವಾದಗಳೂ ಇವೆ. ‘ದುವಿಧಾ’ ಕಥೆಯಿಂದ ಶುರುಮಾಡು. ಮದುವೆಯಾದ ಬೆನ್ನಿಗೇ ವ್ಯಾಪಾರಿಯ ಮಗ ಹೆಂಡತಿಯನ್ನು ಬಿಟ್ಟು ದುಡಿಯಲು ಐದು ವರ್ಷಕ್ಕೆ ದೂರದೇಶ ಹೋಗುತ್ತಾನೆ. ಅವಳ ಮೇಲೆ ಮನಸ್ಸಿಟ್ಟ ಭೂತವೊಂದು ಅವನದೇ ರೂಪದಲ್ಲಿ ಮನೆಗೆ ಬಂದು, ಅವಳಿಗೆ ಮಾತ್ರ ನಿಜ ಹೇಳಿಬಿಡುತ್ತದೆ. ಶಾರುಖ್ ಖಾನನ ‘ಪಹೇಲಿ’ ಇದೇ ಕಥೆ. ಸಿನಿಮಾ ನೋಡಿದ್ದೇನೆ ಅಂತ ಕಥೆ ಬಿಡಬೇಡ. ನಮ್ಮ ಸಂತೆಬೀದಿಯ ಹಾರ್ಡ್‌ವೇರ್ ಅಂಗಡಿಯ ಸೇಟು ಜಾಲೋರ್ ಕಡೆಯವರು. ಅವರ ತಾತನ ಕಾಲದಲ್ಲಿ ಗಂಡಸರು ಹೀಗೇ ಹೊರಟುಬರುತ್ತಿದ್ದರಂತೆ, ಹೆಂಗಸರು ಊರಲ್ಲೇ. ಅವರು ಇಲ್ಲಿಗೆ ಬಂದದ್ದನ್ನು ಕಂಡವರು ನಾವು. ಹಿಂದೆ ಉಳಿದ ಮನೆ ಹೇಗಿತ್ತು ಅನ್ನುವುದನ್ನು ದೇಥಾ ತೋರಿಸುತ್ತಾರೆ.

ಪುಸ್ತಕವೇ ಅಲ್ಲದ ಓದೂ ಒಂದಿದೆ. ಅಲ್ಲಿಯ ಜನಪದ ದೇವರು ಪಾಬೂಜಿಯ ಕಥೆಯನ್ನು ಉದ್ದನೆಯ ಬಟ್ಟೆಯ ಮೇಲೆ ಚಿತ್ರ ಬರೆದಿರುತ್ತಾರೆ, ಅದಕ್ಕೆ ಫಡ್ ಅನ್ನುತ್ತಾರೆ. ಅದನ್ನು ಹಾಡುವ ಪೂಜಾರಿಯೇ ಭೋಪಾ. ಅವನು ರಾವಣಹತ್ಥ ಎಂಬ ತಂತಿವಾದ್ಯ ನುಡಿಸುತ್ತ ಹಾಡಿದರೆ, ಹೆಂಡತಿ ಯಾವ ಚಿತ್ರದ ಕಥೆಯೋ ಅದಕ್ಕೆ ದೀಪ ಹಿಡಿಯುತ್ತಾಳೆ. ರಾತ್ರಿಯಿಡೀ ನಡೆಯುತ್ತದೆ. ಮಾದಪ್ಪನ ಕಥೆಯನ್ನು ಕಂಸಾಳೆಯವರ ಬಾಯಲ್ಲಿ ಕೇಳುತ್ತ ಬೆಳೆದವಳು ನೀನು, ನಿದ್ದೆ ಬರುವುದಿಲ್ಲ ಬಿಡು. ಹೋಟೆಲುಗಳಲ್ಲಿ ಪ್ರವಾಸಿಗರಿಗೆಂದು ಹತ್ತು ನಿಮಿಷ ಮಾಡುವುದನ್ನು ನೋಡಿ ಅದೇ ಎಂದುಕೊಳ್ಳಬೇಡ.

ಜೈಸಲ್ಮೇರಿಗೆ ಹೋಗುವ ರೈಲಿನಲ್ಲಿ ಸತ್ಯಜಿತ್ ರೇ ಮಕ್ಕಳಿಗೆಂದು ಬರೆದ ‘ಸೋನಾರ್ ಕೆಲ್ಲಾ’ ಓದು, ಹಾಯಾಗಿರುತ್ತದೆ.

ರಾಜರ ಸರದಿ ಬಂದಾಗ ಎಲ್ಲರೂ ಕರ್ನಲ್ ಟಾಡ್‌ನ ಹೆಸರು ಹೇಳುತ್ತಾರೆ. ರಾಜಸ್ಥಾನದ ಇತಿಹಾಸದ ಅವನ ಎರಡು ದಪ್ಪ ಸಂಪುಟಗಳು 1829 ಮತ್ತು 1832ರಲ್ಲಿ ಬಂದವು. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದವನು, ರಜಪೂತರನ್ನು ಮನಸಾರೆ ಮೆಚ್ಚಿದವನು, ರಾಜರನ್ನು ಹೊಗಳಿ ಹಾಡುವ ಚಾರಣ ಕವಿಗಳು ಹಾಡಿದ್ದನ್ನು ಎಷ್ಟೋ ಕಡೆ ಹಾಗೇ ಇತಿಹಾಸ ಮಾಡಿಬಿಟ್ಟ. ಓದಲು ಸೊಗಸು, ನಂಬಲು ಸ್ವಲ್ಪ ತಡೆದು ನಂಬು. ನನಗೆ ಕೇಳಿದರೆ ಕಿರಣ್ ನಗರ್ಕರ್ ಅವರ ‘ಕಕೋಲ್ಡ್’ ಕಾದಂಬರಿ ವಾಸಿ. ಮೀರಾಬಾಯಿಯ ಗಂಡನ ಬಾಯಲ್ಲಿ ಮೇವಾಡದ ಕಥೆ, ಕಾದಂಬರಿ ಅಂತ ಒಪ್ಪಿಕೊಂಡೇ ಹೇಳಿದ್ದು. ಆದರೆ ಮೇವಾಡ ಮರುಭೂಮಿಯಲ್ಲ, ನೆನಪಿರಲಿ. ಅರಾವಳಿಯಾಚೆ ಉದಯಪುರದ ಕಡೆ ಕೆರೆ, ಕಾಡು, ಬೆಟ್ಟ. ಆ ಕಾದಂಬರಿ ಓದಿ ಬಾಡ್ಮೇರಿನಲ್ಲಿ ಅದನ್ನು ಹುಡುಕಬೇಡ.

ಜೋಧಪುರದ ಸೋಜತಿ ಗೇಟ್ ಹತ್ತಿರ ರಾಜಸ್ಥಾನಿ ಪುಸ್ತಕಗಳ ಅಂಗಡಿ ಇದೆ. ದೇಥಾರ ಮೂಲದ ಒಂದು ಸಂಪುಟ ತಗೊಂಡು, ಬ್ರಾಂಚಿನ ಹಿರಿಯರು ಯಾರಾದರೂ ಇದ್ದರೆ ಒಂದು ಪುಟ ಓದಿ ಕೇಳಿಸಿ ಅಂತ ಕೇಳು. ಲಿಪಿ ನಾಗರಿಯೇ, ಆದರೆ ಅದರ ಲಯ ಕಿವಿಗೇ ಬೀಳಬೇಕು. ಹಾಗೆ ಓದಿಸಿಕೊಂಡವಳನ್ನು ಮನೆಗೆ ಊಟಕ್ಕೆ ಕರೆದರೂ ಕರೆದಾರು, ಸಂಕೋಚಪಡದೆ ಹೋಗು.

ಮನೆ ಸಿಕ್ಕ ಕೂಡಲೇ ವಿಳಾಸ ತಿಳಿಸು. ಮಿಶ್ರರ ಪುಸ್ತಕದ ನನ್ನ ಪ್ರತಿ ಕಳಿಸುತ್ತೇನೆ. ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ಗೀಚಿದ್ದೇನೆ, ಬೈಯಬೇಡ.

ಇತಿ,
ನಿನ್ನ ದೊಡ್ಡಪ್ಪ